ಎಷ್ಟು ಡಯಟ್ ಮಾಡಿದರೂ, ದಿನಾ ವಾಕಿಂಗ್ ಹೋದರೂ ತೂಕ ಯಾಕೆ ಇಳಿಯುತ್ತಿಲ್ಲ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ವಯಸ್ಸು 31, ತೂಕ 74 ಕೆಜಿ. ನಾಲ್ಕು ತಿಂಗಳಿಂದ ಅನ್ನ ಬಿಟ್ಟಿದ್ದೀರಿ, ಸಿಹಿ ಬಿಟ್ಟಿದ್ದೀರಿ, ರಾತ್ರಿ ಬರೀ ಚಪಾತಿ. ದಿನಾ ಬೆಳಗ್ಗೆ 45 ನಿಮಿಷ ನಡೆಯುತ್ತೀರಿ. ಇಳಿದದ್ದು ಒಂದೇ ಕೆಜಿ. 'ಇನ್ನೂ ಏನು ಬಿಡಬೇಕು?' ಎಂದು ಕೇಳಿದ್ದೀರಿ. ಇನ್ನೇನನ್ನೂ ಬಿಡಬೇಡಿ. ಮೊದಲು ಅಳೆದು ನೋಡಿ.

ನಾನು ಹುಬ್ಬಳ್ಳಿಯವಳು, ನಿಮಗಿಂತ 13 ವರ್ಷ ದೊಡ್ಡವಳು. ನನ್ನದೂ ಹೆಚ್ಚುಕಡಿಮೆ ಒಂದು ವರ್ಷ ಇದೇ ಪಾಡಾಗಿತ್ತು. ಜಿಮ್‌ನಲ್ಲಿ ಹೇಳಿಕೊಡುವ ಹುಡುಗ ಎಲ್ಲರೆದುರು 'ಮೇಡಂ, ಮನ್ಯಾಗ ಏನೋ ಕದ್ದು ತಿಂತೀರಿ' ಅಂದುಬಿಟ್ಟ. ಅವತ್ತು ಮನೆಗೆ ಬಂದು ಅತ್ತೆ. ಒಂದು ಬಿಸ್ಕತ್ತನ್ನೂ ಮುಟ್ಟಿರಲಿಲ್ಲ ನಾನು. ನಿಮಗೂ ಯಾರಾದರೂ ಹಾಗೆ ಅಂದಿದ್ದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನಗೆ ದಾರಿ ತೋರಿಸಿದವಳು ಅಕ್ಕನ ಮಗಳು. ಆಹಾರ ವಿಜ್ಞಾನ ಓದುತ್ತಿದ್ದಳು. 'ಚಿಗವ್ವ, ನೀ ಏನ್ ತಿಂತಿ ಅನ್ನೋದು ಬ್ಯಾಡ. ತಿಂಗಳಿಗೆ ಮನಿಗೆ ಎಣ್ಣಿ ಎಷ್ಟು ಬರತೈತಿ ಹೇಳು' ಅಂದಳು. ಕಿರಾಣಿ ಚೀಟಿ ತೆಗೆದು ನೋಡಿದೆ. ನಾಲ್ಕು ಜನಕ್ಕೆ ಐದು ಲೀಟರ್. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. 30 ದಿನಕ್ಕೆ, ನಾಲ್ಕು ಜನಕ್ಕೆ ಹಂಚಿದರೆ ದಿನಕ್ಕೆ ಒಬ್ಬೊಬ್ಬರಿಗೆ 38 ಗ್ರಾಂ. ಗ್ರಾಮಿಗೆ 9 ಕ್ಯಾಲರಿಯಂತೆ ಸುಮಾರು 340 ಕ್ಯಾಲರಿ, ಬರೀ ಎಣ್ಣೆಯಿಂದ. ನಿಮ್ಮಷ್ಟು ತೂಕ ಇರುವವರು 45 ನಿಮಿಷ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು 200ರ ಆಸುಪಾಸು.

ಆಮೇಲೆ ಚಪಾತಿ. ನಮ್ಮಲ್ಲಿ ಮಾಡುವುದು ಪದರಿನ ಚಪಾತಿ. ಲಟ್ಟಿಸಿ, ಎಣ್ಣೆ ಸವರಿ, ಮಡಚಿ, ಮತ್ತೆ ಲಟ್ಟಿಸಿ, ಹಂಚಿನ ಮೇಲೆ ಹಾಕಿದ ಮೇಲೆ ಎರಡೂ ಮಗ್ಗುಲಿಗೆ ಇನ್ನೊಂದಿಷ್ಟು ಎಣ್ಣೆ. ಒಂದು ಭಾನುವಾರ ಎಣ್ಣೆಯ ಬಟ್ಟಲನ್ನು ಅಡುಗೆಮನೆಯ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಂಡೆ. ಹತ್ತು ಚಪಾತಿ ಬೇಯಿಸಿದ ಮೇಲೆ ಮತ್ತೆ ತೂಗಿದೆ. 62 ಗ್ರಾಂ ಕಮ್ಮಿ ಆಗಿತ್ತು. ಒಂದು ಚಪಾತಿಗೆ ಆರು ಗ್ರಾಂ! ರಾತ್ರಿ ನಾನು ತಿನ್ನುತ್ತಿದ್ದದ್ದು ಮೂರು. ಪಕ್ಕದಲ್ಲಿ ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಅದರ ಮೇಲೂ ಒಂದು ಚಮಚ ಎಣ್ಣೆ. ಅನ್ನ ಬಿಟ್ಟು ಚಪಾತಿ ಹಿಡಿದದ್ದರಿಂದ ನನ್ನ ಊಟ ಕಮ್ಮಿ ಆಗಿರಲೇ ಇಲ್ಲ, ಜಾಸ್ತಿ ಆಗಿತ್ತು. ಮಧ್ಯಾಹ್ನ ತಿನ್ನುತ್ತಿದ್ದ ಜೋಳದ ರೊಟ್ಟಿಗೆ ಎಣ್ಣೆಯ ಹನಿಯೂ ಬೇಡ. ರಾತ್ರಿಗೂ ಅದನ್ನೇ ಇಟ್ಟುಕೊಂಡಿದ್ದರೆ ಸಾಕಿತ್ತು.

1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ದರು. ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವ ಹತ್ತು ಜನ. ಅವರ ದೇಹ ಎಲ್ಲರಂತೆಯೇ ಕ್ಯಾಲರಿ ಖರ್ಚು ಮಾಡುತ್ತಿತ್ತು. ಆದರೆ ತಿಂದದ್ದನ್ನು ಸರಾಸರಿ 47% ಕಡಿಮೆ ಎಂದೂ, ಓಡಾಟ-ವ್ಯಾಯಾಮವನ್ನು 51% ಜಾಸ್ತಿ ಎಂದೂ ಲೆಕ್ಕ ಕೊಟ್ಟಿದ್ದರು. ಅವರನ್ನು ಸುಳ್ಳುಗಾರರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಗ್ಗರಣೆಗೆ ಬಿದ್ದ ಎಣ್ಣೆ ತಟ್ಟೆಯಲ್ಲಿ ಕಾಣುವುದೇ ಇಲ್ಲ, ಅಲ್ವಾ?

ಅಡುಗೆ ಮಾಡುವುದು ನಿಮ್ಮ ಅತ್ತೆ, ಅವರಿಗೆ ಹೇಳುವುದು ಕಷ್ಟ ಎಂದಿದ್ದೀರಿ. ಅದು ನನಗೆ ಚೆನ್ನಾಗಿ ಗೊತ್ತು. ನಮ್ಮ ಅತ್ತೆಯವರೂ 'ಎಣ್ಣಿ ಇಲ್ಲದ ಪಲ್ಯ ಗಂಟಲದಾಗ ಇಳಿಯಂಗಿಲ್ಲ' ಅಂದರು. ನಾನು ವಾದಕ್ಕೆ ಹೋಗಲಿಲ್ಲ. ಲೆಕ್ಕದ ಚೀಟಿಯನ್ನು ಅವರಿಗೆ ಓದಿ ಹೇಳಿದೆ. ಅವರಿಗೂ ಬಿಪಿ ಇದೆ, ಸ್ವಲ್ಪ ಯೋಚನೆ ಮಾಡಿದರು. ಮುಂದಿನ ತಿಂಗಳು ಐದರ ಬದಲು ಮೂರು ಪಾಕೀಟು ತಂದೆವು. ಡಬ್ಬಿಯಿಂದ ನೇರ ಸುರಿಯುವುದನ್ನು ಬಿಟ್ಟು, ಒಳಗೆ ಒಂದು ಸಣ್ಣ ಚಮಚ ಇಟ್ಟೆವು. ಮೊದಲ ವಾರ ಮುಖ ಗಂಟಿಕ್ಕಿಕೊಂಡಿದ್ದರು. ಈಗ ತಿಂಗಳ ಕೊನೆಗೆ ಅವರೇ ಡಬ್ಬಿ ಎತ್ತಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ.

ನನ್ನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. ಮೂರು ವರ್ಷದಿಂದ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದೆ, ಆದರೆ ಬೆಳಗಿನ ಚಹಾದ ಜೊತೆಗೇ. ಖಾಲಿ ಹೊಟ್ಟೆಯಲ್ಲಿ ಎಂದು ಹೇಳಿದ್ದರು, ಆದರೆ ಚಹಾ ಕುಡಿದರೂ ಹೊಟ್ಟೆ ಖಾಲಿಯೇ ಎಂದು ತಿಳಿದಿದ್ದೆ. ರಕ್ತ ಕಮ್ಮಿ ಎಂದು ಕೊಟ್ಟ ಕಬ್ಬಿಣದ ಗುಳಿಗೆಯೂ ಅದರ ಹಿಂದೆಯೇ. ಇವೆರಡೂ ಥೈರಾಯ್ಡ್ ಔಷಧಿ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಕಮ್ಮಿ ಆದಾಗ ಏರುವ ಹಾರ್ಮೋನು) ನೋಡಿದರೆ 11 ಇತ್ತು, ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆಯೊಳಗೆ ಇರಬೇಕು. ಈಗ ಎದ್ದ ತಕ್ಷಣ ಬರೀ ನೀರಿನ ಜೊತೆ ನುಂಗಿ, ಒಂದು ತಾಸು ಬಿಟ್ಟು ಚಹಾ ಕುಡಿಯುತ್ತೇನೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸು ಅಂತರ. ಎರಡು ತಿಂಗಳಲ್ಲಿ ಟಿಎಸ್‌ಎಚ್ ಮೂರಕ್ಕೆ ಬಂತು.

ಅದರಿಂದ ಇಳಿದ ತೂಕ ಎರಡೇ ಕೆಜಿ. ಥೈರಾಯ್ಡ್‌ನಿಂದ 15-20 ಕೆಜಿ ಏರುತ್ತದೆ ಎಂದು ಜನ ಹೇಳುತ್ತಾರೆ, ಅದು ಸರಿಯಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕೆಜಿ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು-ನೀರು. ನನಗೆ ದೊಡ್ಡ ಲಾಭ ಆಗಿದ್ದು ಸುಸ್ತು ಹೋಗಿದ್ದರಿಂದ. ಅದಕ್ಕೂ ಮೊದಲು ವಾಕಿಂಗ್ ಮುಗಿಸಿ ಬಂದು ದಿನವಿಡೀ ಕೂತಿರುತ್ತಿದ್ದೆ. ಬಟ್ಟೆ ಒಣಹಾಕುವುದು ಮಗಳ ಪಾಲಿಗೆ, ಮಾರ್ಕೆಟ್ಟಿಗೆ ಆಟೋ. ಊಟ ಬಹಳ ಕಮ್ಮಿ ಮಾಡಿದಾಗ ದೇಹ ಹೀಗೇ ಉಳಿತಾಯಕ್ಕೆ ಇಳಿಯುತ್ತದೆ. ಅದಕ್ಕೇ ಇನ್ನೂ ಉಪವಾಸ ಬೇಡ ಎಂದದ್ದು. ಮಡಿಕೆ ಕಾಳು, ಬೇಳೆ, ಮೊಟ್ಟೆ, ಮೊಸರು ಜಾಸ್ತಿ ಮಾಡಿಕೊಳ್ಳಿ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಇರಲಿ, ಸ್ನಾಯು ಕರಗಬಾರದು.

ತೂಕದ ಮಷೀನಿನ ಮೇಲೆ ದಿನಾ ಹತ್ತಿ ಬೇಜಾರಾಗಬೇಡಿ. ಮುಟ್ಟಿನ ಮೊದಲು ಒಂದೆರಡು ಕೆಜಿ ನೀರೇ ಏರಬಹುದು. ಹದಿನೈದು ದಿನಕ್ಕೊಮ್ಮೆ ಸೊಂಟಕ್ಕೆ ಟೇಪು ಹಿಡಿಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ನನ್ನದು 94 ಇದ್ದದ್ದು ಎಂಟು ತಿಂಗಳಲ್ಲಿ 86 ಆಯಿತು, ತೂಕ 78ರಿಂದ 71. ನಡುವೆ ಐದು ವಾರ ಮುಳ್ಳು ಕದಲಲೇ ಇಲ್ಲ, ಟೇಪು ಮಾತ್ರ ಇಳಿಯುತ್ತಿತ್ತು.

ನಿಮ್ಮ ತಾಯಿಗೆ ಥೈರಾಯ್ಡ್ ಇದೆ, ನಿಮಗೆ ಮುಟ್ಟು ಏರುಪೇರಾಗುತ್ತಿದೆ ಎಂದೂ ಬರೆದಿದ್ದೀರಿ. ಹಾಗಾಗಿ ಟಿಎಸ್‌ಎಚ್ ಮತ್ತು ಸಕ್ಕರೆಯ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಪಿಸಿಒಡಿ (ಮುಟ್ಟು ಏರುಪೇರು ಮಾಡುವ ಅಂಡಾಶಯ-ಹಾರ್ಮೋನಿನ ತೊಂದರೆ) ಇದೆಯಾ ಎಂದು ಡಾಕ್ಟರನ್ನು ಕೇಳಿ. ಬೇರೆ ಯಾವುದಾದರೂ ಗುಳಿಗೆ ನಡೆಯುತ್ತಿದ್ದರೆ ಅದನ್ನೂ ತೋರಿಸಿ. ಸ್ಟಿರಾಯ್ಡ್‌ನಂಥ ಕೆಲವು ಔಷಧಿಗಳಿಂದಲೂ ತೂಕ ಏರುತ್ತದೆ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಭಾನುವಾರ ಚಪಾತಿ ಮಾಡುವಾಗ ಎಣ್ಣೆಯ ಬಟ್ಟಲನ್ನು ತೂಗಿ ನೋಡಿ. ಎಷ್ಟು ಗ್ರಾಂ ಬಂತು ಎಂದು ಇಲ್ಲೇ ಬರೆಯಿರಿ, ಮುಂದಿನ ಲೆಕ್ಕ ಸೇರಿ ಹಾಕೋಣ.