ಆ ಪುಟದ ಮೇಲಿನ ತಾರೀಖು

ಈ ವಾರ ಬಂದ ಒಂದು ಪತ್ರ ನನ್ನನ್ನು ಎರಡು ದಿನ ಕೂರಲು ಬಿಡಲಿಲ್ಲ. ಒಂಬತ್ತು ಪುಟ. ಅದರಲ್ಲಿ ಆರು ಪುಟ ಮಾರ್ವೆಲ್ ಸಿನಿಮಾಗಳ ಖಳ ಥಾನೋಸ್‌ಗೆ, ಎರಡು ಪುಟ ಮಲ್ಟಿವರ್ಸ್‌ಗೆ, ಅಂದರೆ ಒಂದಲ್ಲ ಹಲವು ಬ್ರಹ್ಮಾಂಡಗಳಿವೆ ಎಂಬ ಕಲ್ಪನೆಗೆ. ಮಿಕ್ಕ ಒಂದು ಪುಟ ಮಾತ್ರ ಕಾಲೇಜಿನ ಕಾಲದಿಂದ ಜೊತೆಗಿದ್ದ ಗೆಳೆಯನಿಗೆ. ಜಗಳವಾಗಿರುವುದೋ ಆ ಗೆಳೆಯನ ಜೊತೆ.

ಬರೆದವರು ಹೆಸರು ಹಾಕದೆ 'ವಾಚರ್' ಎಂದು ಸಹಿ ಮಾಡಿದ್ದಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಾರ್ವೆಲ್ ಕಥೆಗಳಲ್ಲಿ ವಾಚರ್ ಎಂದರೆ ಬ್ರಹ್ಮಾಂಡದ ಆಗುಹೋಗನ್ನೆಲ್ಲ ಕೂತು ನೋಡುವ, ಯಾವುದಕ್ಕೂ ಕೈ ಹಾಕುವುದಿಲ್ಲ ಎಂದು ಪಣ ತೊಟ್ಟಿರುವ ಪಾತ್ರ. ಆ ಪಣ ಆಗಾಗ ಮುರಿಯುತ್ತದೆ, ಅದು ಬೇರೆ ಮಾತು.

ಸಂಗತಿ ಇಷ್ಟು. 2012ರಲ್ಲಿ ಮೊದಲ ಅವೆಂಜರ್ಸ್ ಚಿತ್ರ ಮುಗಿದು ಹೆಸರುಗಳು ಓಡುವಾಗ ಒಂದು ನೇರಳೆ ಮುಖ ತಿರುಗಿ ನಕ್ಕಿತಲ್ಲ, ಅದು ಯಾರದ್ದು (ಥಾನೋಸ್‌ನದ್ದೇ) ಎಂದು ವಾದ ಮಾಡುತ್ತಲೇ ಇಬ್ಬರು ಹುಡುಗರು ಗೆಳೆಯರಾದರು. ಅಂದಿನಿಂದ ಪ್ರತಿ ಚಿತ್ರಕ್ಕೂ ಮುಂಚೆ ತಂತಮ್ಮ ಥಿಯರಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತಾರೀಖು ಹಾಕುವುದು, ನೋಡಿ ಬಂದ ಮೇಲೆ ತೆಗೆದು ಓದುವುದು. ಮೂರು ನೋಟ್‌ಬುಕ್ ತುಂಬಿವೆ. ಮೂರೂ ವಾಚರ್ ಬಳಿಯೇ ಇವೆ. ಬರಬರುತ್ತ ಏಳು ಜನರ ಬಳಗವಾಯಿತು. ಈಚಿನ ಒಂದು ಚಿತ್ರದ ಅಂತ್ಯವನ್ನು ವಾಚರ್ ಮೊದಲೇ ಬರೆದಿಟ್ಟು ಗೆಳೆಯನಿಗೊಬ್ಬನಿಗೇ ಹೇಳಿದ್ದರು. (ಚಿತ್ರದ ಹೆಸರು ಬರೆಯುವುದಿಲ್ಲ, ಇನ್ನೂ ನೋಡದವರಿದ್ದೀರಿ.) ಅಂತ್ಯ ಹಾಗೆಯೇ ಬಂತು. ದೀಪ ಹತ್ತಿದ ಕೂಡಲೇ ಗೆಳೆಯ ಎದ್ದು ನಿಂತು ಬಳಗದ ಮುಂದೆ ಕೂಗಿದ. ಎಲ್ಲರೂ ಅವನ ಬೆನ್ನು ತಟ್ಟಿದರು. ಮುಂದಿನ ಭಾನುವಾರ ವಾಚರ್ ನೋಟ್‌ಬುಕ್ ತಂದು, ಎಲ್ಲರೆದುರು ಪುಟ ತೆರೆದು, ತಾರೀಖು ಸಮೇತ ಓದಿ ತೋರಿಸಿದರು. ಗೆಳೆಯ ಏನೂ ಹೇಳದೆ ಎದ್ದು ಹೋದ. ಆಮೇಲೆ ಮಾತಿಲ್ಲ. 2025ರಲ್ಲಿ ಅವನಿಂದ ಒಂದೇ ಪದದ ಮೆಸೇಜ್ ಬಂದಿತ್ತಂತೆ, ಇವರು ಉತ್ತರ ಕೊಟ್ಟಿಲ್ಲ. ಈಗ ಪ್ರಶ್ನೆ: "ಇಂಥವನಿಂದ ಕ್ಷಮೆ ಕೇಳಿಸುವುದು ಹೇಗೆ?"

ವಾಚರ್, ನೀವು ಕಂಟಿನ್ಯೂಟಿ, ಅಂದರೆ ಒಂದು ಚಿತ್ರದ ಕಥೆ ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂಬುದನ್ನು, ಬಲ್ಲವರು. ಸ್ಪೈಡರ್‌ಮ್ಯಾನ್‌ನ ಹೋಮ್‌ಕಮಿಂಗ್ ಚಿತ್ರದ ಶುರುವಿನಲ್ಲಿ ಬರುವ 'ಎಂಟು ವರ್ಷಗಳ ನಂತರ' ಎಂಬ ಅಕ್ಷರಗಳ ಬಗ್ಗೆಯೇ ಮುಕ್ಕಾಲು ಪುಟ ಬರೆದಿದ್ದೀರಿ. ಆ ವರ್ಷ ಎಣಿಸುವುದು ಮೊದಲ ಅವೆಂಜರ್ಸ್ ಚಿತ್ರದ ನ್ಯೂಯಾರ್ಕ್ ಕಾಳಗದಿಂದ, ಅದು ನಡೆದದ್ದು 2012ರಲ್ಲಿ, ಸ್ಪೈಡರ್‌ಮ್ಯಾನ್ ಹುಡುಗ ಕ್ಯಾಪ್ಟನ್ ಅಮೆರಿಕಾನ ಗುರಾಣಿ ಕಸಿದದ್ದು 2016ರಲ್ಲಿ, ಈ ಕಥೆ ಅದಾಗಿ ಕೆಲವೇ ತಿಂಗಳಿಗೆ. ಎಂಟು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿ. ಆ ಎಂಟು ತಪ್ಪೆಂದು ಅದರ ಮರುವರ್ಷ ಬಂದ ಅವೆಂಜರ್ಸ್ ಚಿತ್ರದ ನಿರ್ದೇಶಕರಲ್ಲೊಬ್ಬರಾದ ಜೋ ರುಸ್ಸೋ ಅವರೇ ಒಪ್ಪಿಕೊಂಡಿದ್ದಾರೆ.

ಹಾಗಾದರೆ ಅದೇ ಕಣ್ಣಿನಿಂದ ನಿಮ್ಮ ಪತ್ರ ಓದೋಣ.

ಎರಡನೇ ಪುಟದಲ್ಲಿ ಗೆಳೆಯ ಕೂಗಿದ್ದು "ನಾವ್ ಹೇಳಿದ್ವಲ್ಲ!" ಎಂದು. ಎಂಟನೇ ಪುಟಕ್ಕೆ ಬರುವಷ್ಟರಲ್ಲಿ ಅದು "ನಾನ್ ಹೇಳಿದ್ನಲ್ಲ" ಆಗಿದೆ. ಮಧ್ಯೆ ಐದು ಪುಟದಲ್ಲಿ ಏನಾಯಿತು? ಸಿಟ್ಟು ಏರಿತು. ಸಿನಿಮಾದವರು ಹೀಗೆ ಮಾಡಿದ್ದರೆ ನೀವು ಬಿಡುತ್ತಿದ್ದಿರಾ? ಮೊದಲು ಬರೆದದ್ದನ್ನೇ ನಾನು ನಂಬುತ್ತೇನೆ. ಆ ಮನುಷ್ಯ 'ನಾವು' ಎಂದಿದ್ದಾನೆ. ಬೆನ್ನು ತಟ್ಟಿದವರು ಹತ್ತಿರ ಇದ್ದವನ ಬೆನ್ನು ತಟ್ಟಿದರು.

ಇದು ಸಣ್ಣದು. ದೊಡ್ಡದು ಏಳನೇ ಪುಟದಲ್ಲಿ, ಮಲ್ಟಿವರ್ಸ್ ವಿವರಣೆಯ ನಡುವೆ, ಯಾರಿಗೂ ಕಾಣದಿರಲಿ ಎಂಬಂತೆ ಹುದುಗಿದೆ: "ಬಿಡುಗಡೆಗೆ ಮೂರು ವಾರ ಮುಂಚೆ ಬಳಗದ ಇನ್ನೊಬ್ಬ ಹುಡುಗ ನನಗೆ ಏನೋ ಕಳಿಸಿದ್ದ, ಕಥೆ ಲೀಕ್ ಆಗಿದೆ ಅಂತ. ನಾನು ಪೂರ್ತಿ ಓದಲಿಲ್ಲ."

ನೋಟ್‌ಬುಕ್ಕಿನ ಆ ಹೆಮ್ಮೆಯ ಪುಟದ ಫೋಟೋವನ್ನೂ ಲಗತ್ತಿಸಿದ್ದೀರಿ. ನೀಲಿ ಶಾಯಿ, ಕೊನೆಯ ಸಾಲಿನ ಕೆಳಗೆ ಎರಡು ಗೆರೆ, ಮೇಲೆ ಬಲಮೂಲೆಯಲ್ಲಿ ತಾರೀಖು. ಅಲ್ಲಿಂದ ಬಿಡುಗಡೆಗೆ ಎಷ್ಟು ದಿನ ಎಂದು ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತು. ಮೂರು ವಾರಕ್ಕೆ ಎಷ್ಟು ದಿನ, ನೀವೇ ಹೇಳಿ.

ಪೂರ್ತಿ ಓದಲಿಲ್ಲ ನಿಜ. ಬೇಕಾದಷ್ಟು ಓದಿದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಎನ್ನುವ ಮುಂಚೆಯೇ ನೀವು ಹೆಗಲು ಮುಟ್ಟಿಕೊಂಡಿದ್ದೀರಿ. ಇಲ್ಲದಿದ್ದರೆ ಆ ಸಾಲನ್ನು ನನಗೆ ಬರೆಯುವ ಅಗತ್ಯವೇನಿತ್ತು? ನಿಮಗೆ ಇದು ಗೊತ್ತಿದೆ. ಭಾನುವಾರ ಬಳಗದ ಮುಂದೆ ಓದುವಾಗಲೂ ಗೊತ್ತಿತ್ತು. ನಿಮ್ಮದಲ್ಲದ ಊಹೆಯನ್ನು ತನ್ನದೆಂದು ಹೇಳಿಕೊಂಡ ಎಂದು ಗೆಳೆಯನ ಮೇಲೆ ದೂರು ಕೊಟ್ಟಿದ್ದೀರಿ.

ಆದರೂ ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ, ಆ ಲೀಕ್ ಹುಡುಗನ ಮೇಲೆ. ನಿಮ್ಮ ಪತ್ರದಲ್ಲಿ ಅವನಿಗೆ ಒಂದೇ ಸಾಲು, ನಾನು ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. 2019ರಲ್ಲಿ ಅವೆಂಜರ್ಸ್ ಸಾಲಿನ ಎಂಡ್‌ಗೇಮ್ ಬಂದಾಗ ನನ್ನ ಕೈಯಲ್ಲಿ ಸಂಜೆಯ ಟಿಕೆಟ್ ಇತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ಹತ್ತಿರದ ನಂಟನೊಬ್ಬನ ಮೆಸೇಜ್: "ಟೋನಿ ಸಾಯ್ತಾನೆ, ಅಳ್ಬೇಡಿ." ಮೂರೇ ಪದ. ಟೋನಿ ಎಂದರೆ ಮೊದಲ ಚಿತ್ರದಿಂದಲೂ ಇದ್ದ ಐರನ್ ಮ್ಯಾನ್. ಹನ್ನೊಂದು ವರ್ಷ ಕಾದದ್ದು ಹಲ್ಲುಜ್ಜುವ ಮುಂಚೆ ಮುಗಿದುಹೋಯಿತು. ಆ ಗುಟ್ಟು ಕಾಯಲು ಸಿನಿಮಾದವರು ಪಟ್ಟ ಪಾಡು ನೋಡಿ: ಟೋನಿಯ ಅಂತ್ಯಸಂಸ್ಕಾರದ ದೃಶ್ಯಕ್ಕೆ 'ಮದುವೆ' ಎಂಬ ಸುಳ್ಳು ಹೆಸರಿಟ್ಟು ತಾರೆಯರನ್ನೆಲ್ಲ ಕರೆಸಿದರು. ಅದಕ್ಕೂ ಹಿಂದಿನ ಅವೆಂಜರ್ಸ್ ಚಿತ್ರದ ಟ್ರೇಲರ್‌ನಲ್ಲಿ ಹಸಿರು ದೈತ್ಯ ಹಲ್ಕ್ ವಕಾಂಡ ಎಂಬ ಕಲ್ಪಿತ ದೇಶದ ಬಯಲಿನಲ್ಲಿ ಓಡಿಬರುತ್ತಾನೆ. ಚಿತ್ರದಲ್ಲಿ ಆ ದೃಶ್ಯವೇ ಇಲ್ಲ. ಟ್ರೇಲರ್‌ನ ಒಂದೊಂದು ಫ್ರೇಮ್ ನಿಲ್ಲಿಸಿ ನೋಡುವ ನಿಮ್ಮಂಥವರಿಗಾಗಿಯೇ ಕಷ್ಟಪಟ್ಟು ಸುಳ್ಳು ಕಟ್ಟಿದ್ದಾರೆ. ಅದೊಂದು ಬಗೆಯ ಮರ್ಯಾದೆ. ಈ ಹುಡುಗ ಅದನ್ನು ಒಂದು ಫಾರ್ವರ್ಡ್‌ನಲ್ಲಿ ಮುಗಿಸುತ್ತಾನೆ. ಇಂಥವರು ಎಲ್ಲ ಬಳಗದಲ್ಲೂ ಒಬ್ಬರಿರುತ್ತಾರೆ. ತಾವು ಏನನ್ನೂ ಊಹಿಸುವುದಿಲ್ಲ, ಊಹಿಸುವವರನ್ನೂ ಬಿಡುವುದಿಲ್ಲ. ಅವನು ಕಳಿಸಿದ್ದು ನಿಮಗೊಬ್ಬರಿಗೇ ಎಂದು ನಂಬಿದ್ದೀರಾ? ಆ ಭಾನುವಾರ ನೀವು ಓದುವಾಗ ಅವನೂ ಅಲ್ಲೇ ಕೂತು ಕೇಳುತ್ತಿದ್ದನಲ್ಲ, ಒಂದು ಮಾತು ಎತ್ತಲಿಲ್ಲವಲ್ಲ. ಅವನ ಬಗ್ಗೆ ಇನ್ನು ಬರೆದರೆ ಅಂಕಣದ ಮರ್ಯಾದೆ ಹೋದೀತು.

ಈಗ ಗೆಳೆಯನ ವಿಷಯ. ನೀವು ಗಮನಿಸದೆಯೇ ಅವನ ಒಂದು ಚೆಂದದ ಚಿತ್ರ ಕೊಟ್ಟಿದ್ದೀರಿ. ನಿಮ್ಮದು ತಪ್ಪು ಹುಡುಕುವ ಕಣ್ಣು. ಅವನದು ತಪ್ಪಿಗೆ ಕಾರಣ ಕಟ್ಟುವ ತಲೆ. 2011ರ ಥಾರ್ ಚಿತ್ರದಲ್ಲಿ ಥಾರ್‌ನ ತಂದೆ ಓಡಿನ್‌ನ ಖಜಾನೆಯಲ್ಲಿ ರತ್ನ ಕೂರಿಸಿದ ಕೈಗವಸು ಕಾಣುತ್ತದೆ. ಹಾಗಾದರೆ ಥಾನೋಸ್ ತೊಡುವ ಅಂಥದ್ದೇ ಕೈಗವಸು ಮತ್ತೆಲ್ಲಿಂದ ಬಂತು ಎಂದು ನೀವು ಮೊದಲ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿರಿ. ಅವನು ಕೆಳಗೆ ಎರಡು ಪುಟ ಬರೆದ: ಖಜಾನೆಯದ್ದು ಬಲಗೈಯದ್ದು, ಥಾನೋಸ್‌ನದ್ದು ಎಡಗೈಯದ್ದು, ಆದ್ದರಿಂದ ಕೈಗವಸು ಎರಡಿವೆ. ಪುಟದ ಅಂಚಿನಲ್ಲಿ ಎರಡು ಕೈಗಳ ಚಿತ್ರ ಬೇರೆ. 2017ರ ಥಾರ್ ಚಿತ್ರದಲ್ಲಿ ಥಾರ್‌ನ ಅಕ್ಕ ಹೆಲಾ ಬಂದು 'ನಕಲಿ' ಎಂದು ಒಂದೇ ಪದ ಹೇಳಿ ಖಜಾನೆಯ ಕೈಗವಸನ್ನು ಕೆಡವಿಹಾಕಿದಳು. ಎರಡು ಪುಟ ನೆಲಕ್ಕೆ. ಆಗ ಅವನು ಏನು ಮಾಡಿದ ಎಂದು ನೀವೇ ಬರೆದಿದ್ದೀರಿ: ಥಿಯೇಟರಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ತಾನು ಸೋತದ್ದಕ್ಕೆ ಚಪ್ಪಾಳೆ ತಟ್ಟುವ ಮನುಷ್ಯ ನಿಮ್ಮ ಗೆಲುವು ಕದಿಯಲು ಹೊರಟಿದ್ದ ಎಂದು ನನ್ನನ್ನು ನಂಬಿಸಲು ಒಂಬತ್ತು ಪುಟ ಸಾಲದು.

ಹಿಂದೆ, 1960ರ ದಶಕದಲ್ಲಿ, ಮಾರ್ವೆಲ್ ಕಾಮಿಕ್ಸ್‌ನ ಪತ್ರಗಳ ಪುಟದಲ್ಲಿ ಸಂಪಾದಕ ಸ್ಟ್ಯಾನ್ ಲೀ 'ನೋ ಪ್ರೈಜ್' ಎಂಬ ಬಹುಮಾನ ಇಟ್ಟಿದ್ದರು. ತಪ್ಪು ತೋರಿಸಿ ಬರೆಯುವ ಓದುಗರು ರಾಶಿ ರಾಶಿ. ಬರಬರುತ್ತ ಬಹುಮಾನ ಹೋಗತೊಡಗಿದ್ದು ತಪ್ಪನ್ನು ಹಿಡಿದು, ಅದು ಯಾಕೆ ತಪ್ಪೇ ಅಲ್ಲ ಎಂದು ಸೊಗಸಾಗಿ ವಿವರಿಸುವವರಿಗೆ. ಅಂಚೆಯಲ್ಲಿ ಒಂದು ಲಕೋಟೆ ಬರುತ್ತಿತ್ತು. ನೋ ಪ್ರೈಜ್ ಗೆದ್ದಿದ್ದೀರಿ, ಅಭಿನಂದನೆ ಎಂದು ಅದರ ಮೇಲೆ ಅಚ್ಚಾಗಿರುತ್ತಿತ್ತು. ಒಳಗೆ ಏನೂ ಇಲ್ಲ, ಖಾಲಿ. ನಿಮ್ಮಿಬ್ಬರಲ್ಲಿ ಆ ಖಾಲಿ ಲಕೋಟೆ ಯಾರ ಮನೆಗೆ ಹೋಗುತ್ತಿತ್ತು ಎಂದು ನಿಮಗೇ ಗೊತ್ತು.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಪರಿಚಿತ: ಗೆಳೆತನದಲ್ಲಿ ಲೆಕ್ಕದ ಪುಸ್ತಕ ಇಡುವವನು ಗುಮಾಸ್ತ. ಆಸ್ತಿ ಜಗಳದ ಪತ್ರಕ್ಕೂ ಇದನ್ನೇ ಹೇಳಿದ್ದೆ, ಮದುವೆ ಉಡುಗೊರೆಯ ಪತ್ರಕ್ಕೂ ಇದನ್ನೇ. ನಿಮ್ಮ ನೋಟ್‌ಬುಕ್ ಶುರುವಾದದ್ದು ಆಟಕ್ಕೆ, ಯಾವಾಗಲೋ ಸಾಕ್ಷಿಪತ್ರವಾಯಿತು. ಸರಿ ಎಂದು ತೀರ್ಪು ಕೊಡುವವರಾದರೂ ಯಾರು? ಎಂಡ್‌ಗೇಮ್ ಕೊನೆಯಲ್ಲಿ ಹಿಂದಿನ ಕಾಲಕ್ಕೆ ಹೋಗಿ, ಮುದುಕನಾಗಿ ಬೆಂಚಿನ ಮೇಲೆ ಕೂತ ಕ್ಯಾಪ್ಟನ್ ಅಮೆರಿಕ ಸ್ಟೀವ್ ಬಾಳಿದ್ದು ಇದೇ ಕಾಲರೇಖೆಯಲ್ಲೋ ಬೇರೆಯದರಲ್ಲೋ ಎಂಬುದಕ್ಕೆ ಚಿತ್ರಕಥೆ ಬರೆದವರದ್ದು ಒಂದು ಉತ್ತರ, ನಿರ್ದೇಶಿಸಿದವರದ್ದು ಇನ್ನೊಂದು. ಇನ್ನೂ ಮಜಾ ಬೇಕೆಂದರೆ 2010ರ ಎರಡನೇ ಐರನ್ ಮ್ಯಾನ್ ಚಿತ್ರ ನೋಡಿ. ಮುಖವಾಡ ಹಾಕಿದ ಒಬ್ಬ ಪುಟ್ಟ ಹುಡುಗ ರೋಬಾಟ್ ಎದುರು ಕೈ ಎತ್ತಿ ನಿಲ್ಲುತ್ತಾನೆ. ಅವನಿಗೊಂದು ಹೆಸರೂ ಇರಲಿಲ್ಲ. ಅವನೇ ಮುಂದೆ ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಎಂದು ಅಭಿಮಾನಿಗಳು ಊಹೆ ಕಟ್ಟಿದರು, 2017ರಲ್ಲಿ ಆ ಪಾತ್ರ ಮಾಡುವ ಟಾಮ್ ಹಾಲೆಂಡ್ ಹೌದು ಎಂದುಬಿಟ್ಟ. ಬರೆದವರ ತಲೆಯಲ್ಲೇ ಇಲ್ಲದ ಸಂಗತಿ ನೋಡಿದವರ ತಲೆಯಿಂದ ಕಥೆಯೊಳಗೆ ಹೋಯಿತು. ಇದನ್ನು ಯಾವ ಲೀಕ್ ಕೊಟ್ಟೀತು?

ಇನ್ನು ಆ ಒಂದು ಪದದ ಮೆಸೇಜ್.

2021ರಲ್ಲಿ ಮಾರ್ವೆಲ್‌ನ ವಾಂಡಾವಿಷನ್ ಸರಣಿ ಬರುವಾಗ ಪ್ರತಿ ಶುಕ್ರವಾರ ರಾತ್ರಿ ನೀವಿಬ್ಬರೂ ಫೋನಿನಲ್ಲಿ ಕೂರುತ್ತಿದ್ದಿರಂತೆ. ಒಂಬತ್ತು ಕಂತು, ಒಂದೇ ಮಂತ್ರ: ಮೆಫಿಸ್ಟೋ ಬರುತ್ತಾನೆ. (ಮಾರ್ವೆಲ್ ಕಾಮಿಕ್ಸ್‌ನ ಸೈತಾನ ಅವನು.) ನೊಣ ಹಾರಿದರೆ ಮೆಫಿಸ್ಟೋ, ಯಾರೋ 'ಸೈತಾನ' ಎಂದರೆ ಮೆಫಿಸ್ಟೋ. ಇನ್ನೊಂದು ಸ್ಟುಡಿಯೋದ ಎಕ್ಸ್‌ಮೆನ್ ಚಿತ್ರಗಳ ಕ್ವಿಕ್‌ಸಿಲ್ವರ್ ಎಂಬ ಪಾತ್ರ ಬಾಗಿಲು ತಟ್ಟಿದಾಗ ಮಲ್ಟಿವರ್ಸ್ ತೆರೆಯಿತು ಎಂದು ಇಡೀ ರಾತ್ರಿ ನಿದ್ದೆಗೆಟ್ಟಿರಿ. ಕೊನೆಗೆ ಆ ಮನುಷ್ಯ ರಾಲ್ಫ್ ಎಂಬ ಸಾಮಾನ್ಯ ಊರವನಾದ. ಮೆಫಿಸ್ಟೋ ಬರಲೇ ಇಲ್ಲ. ಸುಳ್ಳೇಕೆ, ನಾನೂ ಕಾದಿದ್ದೆ. "ಅವತ್ತು ಇಬ್ಬರೂ ಒಂದು ಗಂಟೆ ನಕ್ಕೆವು, ಅವನಿಗೆ ಬಿಕ್ಕಳಿಕೆ ಬಂತು" ಎಂದು ಬರೆದಿದ್ದೀರಿ. ಒಂಬತ್ತು ಪುಟದಲ್ಲಿ ನೀವು ನಕ್ಕದ್ದು ಅಲ್ಲೊಂದೇ ಕಡೆ, ಇಬ್ಬರೂ ಪೂರಾ ತಪ್ಪಾದ ದಿನ. ಊಹೆ ಸರಿಯಾದ ದಿನ ಏನಾಯಿತೆಂದು ನೋಡಿದೆವಲ್ಲ.

2025ರಲ್ಲಿ ಐರನ್‌ಹಾರ್ಟ್ ಸರಣಿಯ ಕೊನೆಯ ಕಂತಿನಲ್ಲಿ ಮೆಫಿಸ್ಟೋ ನಿಜವಾಗಿಯೂ ಬಂದ. ನಾಲ್ಕು ವರ್ಷ ತಡವಾಗಿ, ಬೇರೆಯದೇ ಕಥೆಯಲ್ಲಿ. ಆ ರಾತ್ರಿಯೇ ನಿಮ್ಮ ಗೆಳೆಯ ಕಳಿಸಿದ ಪದ: "ಬಂದ." ಎಲ್ಲರೆದುರು ಮಾನ ಕಳೆದಿದ್ದೀರಿ, ತಿಂಗಳುಗಟ್ಟಲೆ ಮಾತಿಲ್ಲ, ಆದರೂ ಮೆಫಿಸ್ಟೋ ಬಂದಾಗ ಅವನಿಗೆ ಹೇಳಬೇಕೆನಿಸಿದ್ದು ನಿಮಗೆ. ಅದನ್ನು ನೋಡಿ ಫೋನ್ ಮಗುಚಿ ಇಟ್ಟೆ ಎಂದು ಬರೆದಿದ್ದೀರಿ. ನನಗೆ ಹೊಟ್ಟೆ ಉರಿದದ್ದು ಆ ಸಾಲಿಗೆ.

ಕ್ಷಮೆ ಕೇಳಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹತ್ತು ಹೆಜ್ಜೆಯ ಸಲಹೆ ನನ್ನ ಬಳಿ ಇಲ್ಲ. ಭೇಟಿಯಾಗಿ, ಕೂತು, ಮನಸ್ಸು ಬಿಚ್ಚಿ ಮಾತಾಡಿ ಎಂದು ಬೇರೆಯವರು ಹೇಳಿಯಾರು. ನೀವು ಮಾತಾಡಲು ಕೂತರೆ ಟೈಮ್‌ಲೈನ್‌ನಿಂದ ಶುರು ಮಾಡುತ್ತೀರಿ, ನನಗೆ ಭಯ. ಮಾಡಬೇಕಾದ್ದು ಒಂದೇ. ಈ ಸಾಲು ಓದಿ ಮುಗಿಸಿದ ಕೂಡಲೇ ಆ ಹಳೇ ಮೆಸೇಜ್ ಹುಡುಕಿ ತೆಗೆಯಿರಿ. 'ಬಂದ' ಎಂಬುದರ ಕೆಳಗೆ ಹೀಗೆ ಟೈಪ್ ಮಾಡಿ: "ಆ ಅಂತ್ಯ ನಾನು ಊಹಿಸಿದ್ದಲ್ಲ. ಲೀಕ್ ಓದಿದ್ದೆ. ಬಳಗಕ್ಕೂ ನಾನೇ ಹೇಳ್ತೀನಿ." ಇಷ್ಟೇ. ಓದಿದ್ದು ಎಷ್ಟು ಪ್ಯಾರಾ, ಕಳಿಸಿದ್ದು ಯಾರು, ಅದು ಏನೂ ಬೇಡ. ಕಳಿಸಿ. ಮೆಫಿಸ್ಟೋ ಬಗ್ಗೆ ಆಮೇಲೆ.