ವಿಲ್ಯಾನ್ 30 ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಹೋಗುತ್ತಿಲ್ಲ, ಲೇಯರ್ 3 ಸ್ವಿಚ್ ತಗೋಬೇಕಾ?

ಬೇಡ. ಲೇಯರ್ 3, ಅಂದರೆ ರೂಟಿಂಗ್ ಕೂಡ ಮಾಡುವ ಸ್ವಿಚ್ಚಿಗೆ ಅಂಗಡಿಯವರು ಕೊಟ್ಟ ಆ ಕೊಟೇಶನ್ ಮಡಚಿ ಡ್ರಾಯರಿಗೆ ಹಾಕಿ.

ನೀವು ಬರೆದದ್ದು: ಎರಡು ಸ್ವಿಚ್, ಅಕೌಂಟ್ಸ್‌ನವರಿಗೆ ಅಂತ ಹೊಸದಾಗಿ ವಿಲ್ಯಾನ್ 30 (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್), ಮೇಲಿನ ಮಹಡಿಯ ಸ್ವಿಚ್ಚಿನ ಒಳಗೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ) ಹೋಗುತ್ತದೆ, ಕೆಳಗಿನದಕ್ಕೆ ಹೋಗುವುದಿಲ್ಲ, ಲಿಂಕ್ ಲೈಟ್ ಮಾತ್ರ ಹಸಿರು. ಇಷ್ಟು ಓದುವಾಗಲೇ ನನಗೆ ಹಳೆಯದೆಲ್ಲ ನೆನಪಾಯಿತು. ಆರು ವರ್ಷದ ಹಿಂದೆ ಇದೇ ಹಸಿರು ಲೈಟ್ ನಂಬಿಕೊಂಡು ಒಂದು ಸೋಮವಾರ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ. ನನ್ನದೊಂದೇ ಅಲ್ಲ, ಸುಮಾರು ಎಪ್ಪತ್ತು ಜನರ ಸೋಮವಾರ.

ಆಗ ನಾನು ಪೀಣ್ಯದ ಒಂದು ಸಣ್ಣ ನೆಟ್‌ವರ್ಕಿಂಗ್ ಕಂಪನಿಯಲ್ಲಿದ್ದೆ. ಸಿಸ್ಕೊದ ಸಿಸಿಎನ್ಎ ಪರೀಕ್ಷೆ ಪಾಸಾಗಿ ಎರಡು ವರ್ಷ. ಎಲ್ಲ ಗೊತ್ತು ಅನ್ನಿಸುವ ವಯಸ್ಸು. ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ನಮ್ಮ ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆಯ ಗುತ್ತಿಗೆ) ಇತ್ತು. ಆಫೀಸ್ ಒಂದು ಕಡೆ, ಗೋಡೌನ್ ಅಲ್ಲಿಂದ 300 ಮೀಟರ್ ಆಚೆ. ಮಾಮೂಲಿ ಈಥರ್ನೆಟ್ ಕೇಬಲ್‌ಗೆ 100 ಮೀಟರ್ ಮಿತಿ, ಹಾಗಾಗಿ ಮಧ್ಯೆ ಫೈಬರ್ ಎಳೆದಿದ್ದರು. ಎರಡು ತುದಿಯಲ್ಲೂ ಸಿಸ್ಕೊ 2960 ಸ್ವಿಚ್. ಆ ಒಂದು ಫೈಬರ್ ಲಿಂಕ್, ಅಂದರೆ ಟ್ರಂಕ್ ಮೇಲೆ ಮೂರು ವಿಲ್ಯಾನ್ ಓಡುತ್ತಿದ್ದವು. 10ರಲ್ಲಿ ಕಂಪ್ಯೂಟರ್ ಮತ್ತು ಲೇಬಲ್ ಪ್ರಿಂಟರ್, 20ರಲ್ಲಿ ವೈಫೈ ಬಾರ್‌ಕೋಡ್ ಸ್ಕ್ಯಾನರ್, 99ರಲ್ಲಿ ಸ್ವಿಚ್‌ಗಳ ಮ್ಯಾನೇಜ್‌ಮೆಂಟ್ ಐಪಿ.

ಒಂದು ಶನಿವಾರ ಗೋಡೌನಿಗೆ ಎಂಟು ಕ್ಯಾಮೆರಾ ಹಾಕಿದರು. ಅವುಗಳಿಗೆ ವಿಲ್ಯಾನ್ 30. ಗೋಡೌನ್ ಕಡೆಯ ಸ್ವಿಚ್ ಮಧ್ಯಾಹ್ನವೇ ಮುಗಿಸಿದ್ದೆ. ಸಂಜೆ ಏಳಕ್ಕೆ ಆಫೀಸ್ ಕಡೆಯ ಸ್ವಿಚ್ಚಿಗೆ ಲಾಗಿನ್ ಆಗಿ, ಟ್ರಂಕ್ ಪೋರ್ಟಿಗೆ ಹೋಗಿ, ಒಂದು ಸಾಲು ಟೈಪ್ ಮಾಡಿದೆ: ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30.

ಗೊತ್ತಿರುವವರು ಇಲ್ಲೇ ಹಣೆ ಚಚ್ಚಿಕೊಂಡಿರುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟ್ರಂಕ್ ಅಂದರೆ ಒಂದೇ ತಂತಿಯ ಮೇಲೆ ಹಲವು ವಿಲ್ಯಾನ್ ಹೋಗುವ ದಾರಿ. ಯಾವ ಫ್ರೇಮ್ (ಡೇಟಾದ ಒಂದು ತುಂಡು) ಯಾವ ವಿಲ್ಯಾನಿನದು ಅಂತ ತಿಳಿಯಲು ಅದಕ್ಕೆ 4 ಬೈಟಿನ ಒಂದು ಚೀಟಿ ಅಂಟಿಸುತ್ತಾರೆ. 802.1ಕ್ಯೂ ಟ್ಯಾಗ್ ಅನ್ನುವುದು ಇದನ್ನೇ. ಯಾವ ನಂಬರಿನ ಚೀಟಿ ಇದ್ದರೆ ಒಳಗೆ ಬಿಡಬೇಕು ಅನ್ನುವ ಪಟ್ಟಿ ಪೋರ್ಟಿನ ಹತ್ತಿರ ಇರುತ್ತದೆ. ಅದೇ ಅಲೌಡ್ ಲಿಸ್ಟ್. ನನ್ನ ಪೋರ್ಟಿನ ಪಟ್ಟಿಯಲ್ಲಿ 10, 20, 99 ಇದ್ದವು. ಅದಕ್ಕೆ 30 ಸೇರಿಸಬೇಕಿತ್ತು. ಸೇರಿಸಬೇಕಾದರೆ ವಿಲ್ಯಾನ್ ಅನ್ನುವ ಪದಕ್ಕೂ 30ಕ್ಕೂ ಮಧ್ಯೆ 'ಆ್ಯಡ್' ಅಂತ ಒಂದು ಪದ ಬರಬೇಕು. ಅದಿಲ್ಲದೆ ಬರೆದರೆ ಸ್ವಿಚ್ ಹಳೇ ಪಟ್ಟಿ ಒರೆಸಿ ಹೊಸದು ಬರೆಯುತ್ತದೆ. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಿ ಅಂತ ಹೋದರೆ, ಮನೆಯವರೆಲ್ಲರ ಹೆಸರು ಹೊಡೆದು ಮಗುವಿನ ಹೆಸರೊಂದೇ ಬರೆದುಕೊಟ್ಟ ಹಾಗೆ. ಎಚ್ಚರಿಕೆ ಇಲ್ಲ, 'ಖಚಿತವೇ' ಅಂತ ಕೇಳುವುದಿಲ್ಲ. ಎಂಟರ್ ಒತ್ತಿದ ತಕ್ಷಣ ಪ್ರಾಂಪ್ಟ್ ವಾಪಸ್ ಬಂದು ಕಣ್ಣು ಮಿಟುಕಿಸುತ್ತಾ ಕೂತಿರುತ್ತದೆ. ಕಮಾಂಡ್ ತಪ್ಪಲ್ಲ, ನಾನು ಹೇಳಿದ್ದನ್ನೇ ಅದು ಮಾಡಿತು. ನಾನು ಹೇಳಿದ್ದು ತಪ್ಪು.

ನಾನು ಆಫೀಸ್ ಕಡೆ ಇದ್ದೆ. ಹಾಗಾಗಿ ನನ್ನ ಸೆಷನ್ ಕಟ್ ಆಗಲಿಲ್ಲ. ಆಗಿದ್ದರೆ ಅಲ್ಲೇ ಬುದ್ಧಿ ಬರುತ್ತಿತ್ತು. ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ತೆರೆದು ನೋಡಿದೆ, ಎಂಟು ಕ್ಯಾಮೆರಾ ಚಿತ್ರವೂ ಚೊಕ್ಕವಾಗಿ ಬಂದಿದೆ. ಖುಷಿಯಾಯಿತು. ರೈಟ್ ಮೆಮೊರಿ ಹೊಡೆದೆ. ಅಂದರೆ ತಪ್ಪನ್ನು ಫ್ಲ್ಯಾಶ್‌ಗೂ ಬರೆದು ಗಟ್ಟಿ ಮಾಡಿದೆ. ಸೆಕ್ಯುರಿಟಿಯವರ ಹತ್ತಿರ ಒಂದು ಟೀ ಕುಡಿದು ಬೈಕ್ ಹತ್ತಿದೆ. ಗೋಡೌನ್ ಆಗಲೇ ಬೀಗ ಹಾಕಿತ್ತು. ಅಲ್ಲಿ ಇನ್ನೇನು ಸತ್ತಿದೆ ಅಂತ ನೋಡಲು ಒಂದು ನರಪಿಳ್ಳೆ ಇರಲಿಲ್ಲ.

ಹೊಸದು ಓಡುತ್ತಿದೆಯಾ ಅಂತ ನೋಡಿದೆ. ಹಳೆಯದು ಓಡುತ್ತಿದೆಯಾ ಅಂತ ನೋಡಲಿಲ್ಲ. ಗೋಡೌನ್ ಸ್ವಿಚ್ಚಿನ ಮ್ಯಾನೇಜ್‌ಮೆಂಟ್ ಐಪಿಗೆ ಒಂದು ಪಿಂಗ್ ಹೊಡೆದಿದ್ದರೆ ಸಾಕಿತ್ತು. ಐದು ಸೆಕೆಂಡಿನ ಕೆಲಸ.

ಭಾನುವಾರ ರಜೆ. ಅವತ್ತು ರಾತ್ರಿ ಗುಡುಗು ಸಮೇತ ಜೋರು ಮಳೆ. ಜೊತೆಗೆ ಫ್ಯಾಕ್ಟರಿಯ ಚರಂಡಿಗೆ ಅಂತ ಜೆಸಿಬಿ ಬಂದು ಗೋಡೌನ್ ದಾರಿಯಲ್ಲಿ ಅರ್ಧ ಅಗೆದು ಬಿಟ್ಟಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಗೋಡೌನ್ ಸೂಪರ್‌ವೈಸರ್ ಫೋನ್: 'ಸಾರ್, ಸ್ಕ್ಯಾನರ್ ಹೊಡೆದ್ರೆ ಸುಮ್ನೆ ಸುತ್ತುತ್ತೆ. ಲೇಬಲ್ ಬರ್ತಿಲ್ಲ. ಲಾರಿ ಬಂದು ನಿಂತಿವೆ.'

ಮಳೆ, ಗುಡುಗು, ಜೆಸಿಬಿ. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಇನ್ನೇನು ಬೇಕು? ಫೈಬರ್ ಕಟ್ ಆಗಿದೆ ಅಂತ ಬೈಕ್ ಸ್ಟಾರ್ಟ್ ಮಾಡುವ ಮೊದಲೇ ತೀರ್ಮಾನ ಮಾಡಿದ್ದೆ. ನಿಮಗೆ 'ಸ್ವಿಚ್ ಕೆಟ್ಟಿದೆ' ಅನ್ನಿಸುತ್ತಿದೆಯಲ್ಲ, ಅದೇ ಥರ.

ಹೋಗಿ ನೋಡಿದರೆ ಗೋಡೌನ್ ಕಂಪ್ಯೂಟರಿಗೆ 169.254ರಿಂದ ಶುರುವಾಗುವ ಐಪಿ ಬಂದಿದೆ. ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಸಿಗದಿದ್ದಾಗ ವಿಂಡೋಸ್ ತನಗೆ ತಾನೇ ಕೊಟ್ಟುಕೊಳ್ಳುವ ಐಪಿ ಅದು. ಗೋಡೌನ್ ಸ್ವಿಚ್ಚಿಗೆ ಆಫೀಸಿನಿಂದ ಪಿಂಗ್ ಇಲ್ಲ. ಆದರೆ ಎರಡು ಕಡೆಯೂ ಫೈಬರ್ ಪೋರ್ಟಿನ ಲೈಟ್ ಹಸಿರು. ಆಫೀಸ್ ಸ್ವಿಚ್ಚಿನಲ್ಲಿ ಶೋ ಸಿಡಿಪಿ ನೇಬರ್ಸ್ (ನೇರ ಜೋಡಿಸಿದ ಸಿಸ್ಕೊ ಸಾಧನಗಳ ಪಟ್ಟಿ) ಹೊಡೆದರೆ ಗೋಡೌನ್ ಸ್ವಿಚ್ಚಿನ ಹೆಸರು ಕಾಣುತ್ತಿದೆ. ಅಂದರೆ ಎರಡೂ ಸ್ವಿಚ್ ಒಂದರ ಜೊತೆ ಒಂದು ಮಾತಾಡುತ್ತಲೇ ಇವೆ. ನಾನು ಅದನ್ನು ನೋಡಿ, 'ಹಳೇ ಎಂಟ್ರಿ ಇರಬೇಕು' ಅಂದುಕೊಂಡೆ. ಸಿಡಿಪಿ ಎಂಟ್ರಿ ಹೊಸ ಸುದ್ದಿ ಬರದಿದ್ದರೆ ಮಾಮೂಲಿಯಾಗಿ 180 ಸೆಕೆಂಡಿಗೆ ಅಳಿಸಿಹೋಗುತ್ತದೆ. ಪರೀಕ್ಷೆಗೆ ಓದಿದ್ದೆ. ಬೇಕಾದಾಗ ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ಮನಸ್ಸಿರಲಿಲ್ಲ.

ಗೋಡೌನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಇಲ್ಲ. ಎರಡು ತುದಿಯಲ್ಲಿ ಫೈಬರ್ ಚುಚ್ಚುವ ಎಸ್ಎಫ್‌ಪಿ ಬದಲಾಯಿಸಿದೆ. ಇಲ್ಲ. ಪ್ಯಾಚ್ ಕಾರ್ಡ್ ಬದಲಾಯಿಸಿದೆ. ಇಲ್ಲ. ಫೈಬರ್ ಜೋಡಿಸುವ (ಸ್ಪ್ಲೈಸಿಂಗ್) ಹುಡುಗನನ್ನು ಯಲಹಂಕದಿಂದ ಕರೆಸಿದೆ. ಅವನು ಓಟಿಡಿಆರ್ (ಫೈಬರ್ ಪರೀಕ್ಷಿಸುವ ಮಿಷಿನ್) ಹಚ್ಚಿ ನೋಡಿ, 'ಅಣ್ಣ, ಒಂದು ಡಿಬಿ ಕೂಡ ಲಾಸ್ ಇಲ್ಲ. ಫೈಬರ್ ಮಸ್ತಾಗಿದೆ' ಅಂದ. ನಾನು ಅವನ ಮಿಷಿನ್ ಮೇಲೇ ಅನುಮಾನ ಪಟ್ಟೆ. ಇನ್ನೊಂದು ಸಲ ನೋಡಪ್ಪಾ ಅಂದೆ. ಅವನು ಇನ್ನೊಂದು ಸಲ ನೋಡಿ, ದುಡ್ಡು ಇಸಕೊಂಡು ಹೋದ.

ಮಧ್ಯಾಹ್ನ ಎರಡೂವರೆ. ಊಟ ಇಲ್ಲ. ಗೋಡೌನಿನಲ್ಲಿ ರ‍್ಯಾಕ್ ಮುಂದೆ ಒಂದು ರಟ್ಟಿನ ಡಬ್ಬದ ಮೇಲೆ ಕೂತು, ತಲೆ ಮೇಲೆ ಕೈ ಇಟ್ಟುಕೊಂಡು, ಗೇಟಿನ ಸೆಕ್ಯುರಿಟಿಯವರಿಗೆ ಫೋನ್ ಮಾಡಿದೆ. ಸರ್ವರ್ ರೂಮಿನ ಕೀ ಯಾರ ಹತ್ತಿರ ಇದೆ ಅಂತ ಕೇಳಲು. ಅವರು ವಯಸ್ಸಾದವರು. 'ಕೀ ನನ್ ಹತ್ರ ಐತೆ ಸಾರ್,' ಅಂದರು. ಆಮೇಲೆ ಸ್ವಲ್ಪ ತಡೆದು, 'ಯಾಕ್ ಸಾರ್ ತಲೆ ಮೇಲೆ ಕೈ ಹೊತ್ಕೊಂಡ್ ಕೂತಿದೀರಾ, ಊಟ ಆಯ್ತಾ?'

ಅವರು ಇದ್ದದ್ದು ಗೇಟಿನಲ್ಲಿ, ಆಫೀಸ್ ಬಿಲ್ಡಿಂಗ್ ಪಕ್ಕ. ನಾನು ತಲೆ ಎತ್ತಿ ನೋಡಿದೆ. ಮೂಲೆಯಲ್ಲಿ ನನ್ನದೇ ಹೊಸ ಕ್ಯಾಮೆರಾ. ಕಟ್ ಆಗಿದೆ ಅಂತ ನಾನು ಬೆಳಿಗ್ಗೆಯಿಂದ ಬಡಿದಾಡುತ್ತಿದ್ದ ಫೈಬರ್ ಮೇಲೇ ನನ್ನ ಮುಖ ಅವರ ಟೀವಿಗೆ ಹೋಗುತ್ತಿತ್ತು.

ಓಡಿದೆ. ಆಫೀಸ್ ಸ್ವಿಚ್ಚಿನಲ್ಲಿ ಶೋ ಇಂಟರ್‌ಫೇಸಸ್ ಟ್ರಂಕ್. ಅಲೌಡ್ ಅನ್ನುವ ಸಾಲಿನ ಮುಂದೆ 30. ಅಷ್ಟೇ, ಒಂಟಿ 30. 'ಆ್ಯಡ್ 10,20,99' ಅಂತ ಒಂದು ಸಾಲು ಹೊಡೆದೆ. ಗೋಡೌನಿನಿಂದ ಫೋನ್ ಬಂತು, ಪ್ರಿಂಟರ್ ತಾನಾಗೇ ಲೇಬಲ್ ಉಗುಳುತ್ತಿದೆ ಅಂತ. ಮ್ಯಾನೇಜರ್ ಕೇಳಿದಾಗ 'ಟ್ರಂಕ್ ಕಾನ್ಫಿಗರೇಶನ್ನಲ್ಲಿ ಇಶ್ಯೂ ಇತ್ತು ಸಾರ್, ಸರಿ ಮಾಡಿದೆ' ಅಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮುಂದಿನ ವರ್ಷ ಅವರು ಎಎಂಸಿ ರಿನ್ಯೂ ಮಾಡಲಿಲ್ಲ.

ಈಗ ನಿಮ್ಮ ವಿಷಯ. ಲೇಯರ್ 3 ಬೇಕಾಗುವುದು ಒಂದು ವಿಲ್ಯಾನಿನಿಂದ ಬೇರೆ ವಿಲ್ಯಾನಿಗೆ ದಾಟಲು. ನೀವು ಕೇಳುತ್ತಿರುವುದು 30ರಿಂದ 30ಕ್ಕೆ. ಅದಕ್ಕೆ ರೂಟಿಂಗೇ ಬೇಡ. ಹೊಸ ಸ್ವಿಚ್ ತಂದರೂ ಇದೇ ಟ್ರಂಕ್ ಅದಕ್ಕೂ ಚುಚ್ಚುತ್ತೀರಿ, ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ.

'ಹಳೇ ನೆಟ್‌ವರ್ಕ್ ಎರಡೂ ಮಹಡಿಯಲ್ಲಿ ಸರಿಯಾಗಿ ಓಡುತ್ತಿದೆ, ಹಾಗಾಗಿ ಮಧ್ಯದ ಲಿಂಕ್ ಸರಿಯಿದೆ' ಅಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಹಳೆಯದು ವಿಲ್ಯಾನ್ 1, ಟ್ಯಾಗ್ ಇಲ್ಲದೆ ಹೋಗುತ್ತದೆ. ಆ ಪೋರ್ಟ್ ಟ್ರಂಕೇ ಆಗಿರದಿದ್ದರೂ, ಬರೀ ಒಂದೇ ವಿಲ್ಯಾನಿನ ಆ್ಯಕ್ಸೆಸ್ ಪೋರ್ಟ್ ಆಗಿದ್ದರೂ ಅದು ಹೋಗುತ್ತದೆ. ಹಾಗಾಗಿ ಅದು 30ರ ಬಗ್ಗೆ ಏನೂ ಹೇಳುವುದಿಲ್ಲ.

ಮೇಲಿನದು ಸಿಸ್ಕೊ ಅಂದಿದ್ದೀರಿ. ಮೊದಲು ಶೋ ಇಂಟರ್‌ಫೇಸಸ್ ಟ್ರಂಕ್ ನೋಡಿ. ಅದರಲ್ಲಿ ನಾಲ್ಕು ಭಾಗ ಬರುತ್ತದೆ. ಮೊದಲನೆಯದರಲ್ಲಿ ನಿಮ್ಮ ಪೋರ್ಟ್ ಇಲ್ಲವೇ ಇಲ್ಲ ಅಂದರೆ ಅದು ಟ್ರಂಕ್ ಆಗಿಯೇ ಇಲ್ಲ. ಎರಡನೆಯದು ನಾನು ಹಾಳು ಮಾಡಿದ ಅಲೌಡ್ ಪಟ್ಟಿ. ಮೂರನೆಯದು ಅಲೌಡ್ ಇದ್ದು ಆ ಸ್ವಿಚ್ಚಿನಲ್ಲಿ ನಿಜವಾಗಿ ಇರುವ ವಿಲ್ಯಾನ್‌ಗಳು. ಪಟ್ಟಿಯಲ್ಲಿ 30 ಇದ್ದು ಇಲ್ಲಿ ಇಲ್ಲ ಅಂದರೆ ಆ ಸ್ವಿಚ್ಚಿನಲ್ಲಿ 30 ಸೃಷ್ಟಿಸುವುದನ್ನೇ ಮರೆತಿದ್ದೀರಿ. ನಾಲ್ಕನೆಯದು ಸ್ಪ್ಯಾನಿಂಗ್ ಟ್ರೀ (ಲೂಪ್ ಆಗದಂತೆ ಕಾಯುವ ವ್ಯವಸ್ಥೆ) ತಡೆಯದೆ ಬಿಟ್ಟಿರುವುದು. ಮೇಲಿಂದ ಕೆಳಗೆ ಓದುತ್ತಾ ಹೋಗಿ, 30 ಎಲ್ಲಿ ಮಾಯವಾಗುತ್ತದೋ ಅಲ್ಲೇ ಕಾಯಿಲೆ.

ಆದರೆ ನನ್ನ ಅನುಮಾನ ಕೆಳಗಿನ ಸ್ವಿಚ್ ಮೇಲೆ. ಬ್ರೌಸರಿನಲ್ಲಿ ಸೆಟ್ ಮಾಡುವಂಥದ್ದು ಅಂದಿರಲ್ಲ, ಆ ಥರದ ತುಂಬಾ ಸ್ವಿಚ್‌ಗಳಲ್ಲಿ ಟ್ರಂಕ್ ಅನ್ನುವ ಪದಕ್ಕೆ ಅರ್ಥವೇ ಬೇರೆ: ಎರಡು ಮೂರು ಕೇಬಲ್ ಸೇರಿಸಿ ಒಂದು ಲಿಂಕ್ ಮಾಡುವುದು. ನಿಮಗೆ ಬೇಕಾದದ್ದು ಅದಲ್ಲ. ಅಪ್‌ಲಿಂಕ್ ಪೋರ್ಟ್ ವಿಲ್ಯಾನ್ 30ಕ್ಕೆ 'ಟ್ಯಾಗ್ಡ್' ಆಗಿರಬೇಕು. ಕಂಪ್ಯೂಟರ್ ಚುಚ್ಚಿದ ಪೋರ್ಟ್ 30ಕ್ಕೆ 'ಅನ್‌ಟ್ಯಾಗ್ಡ್' ಆಗಿರಬೇಕು. ಜೊತೆಗೆ ಪಿವಿಐಡಿ (ಟ್ಯಾಗ್ ಇಲ್ಲದೆ ಒಳಬಂದ ಫ್ರೇಮ್ ಯಾವ ವಿಲ್ಯಾನಿಗೆ ಸೇರಬೇಕು ಅನ್ನುವ ನಂಬರ್) ಅಂತ ಇನ್ನೊಂದು ಪುಟ ಇರುತ್ತದೆ, ಅಲ್ಲೂ ಆ ಪೋರ್ಟಿಗೆ 30 ಹಾಕಬೇಕು. ತುಂಬಾ ಜನ ಮರೆಯುವುದು ಈ ಪುಟವನ್ನೇ. ಮರೆತರೆ ಸ್ವಿಚ್ಚಿನಿಂದ ಕಂಪ್ಯೂಟರಿಗೆ 30 ಹೋಗುತ್ತದೆ, ಕಂಪ್ಯೂಟರ್ ಕಳಿಸಿದ್ದು ಮಾತ್ರ ವಿಲ್ಯಾನ್ 1ಕ್ಕೆ ಹೋಗಿ ಬೀಳುತ್ತದೆ. ಒಂದು ಕಡೆಯ ಮಾತು. ಲೈಟ್ ಹಸಿರಾಗಿಯೇ ಇರುತ್ತದೆ.

ಎಲ್ಲ ಪೋರ್ಟನ್ನೂ ಟ್ರಂಕ್ ಮಾಡಿ ನೋಡಿದೆ ಅಂದಿರಿ. ದಯವಿಟ್ಟು ವಾಪಸ್ ಮಾಡಿ. ಮಾಮೂಲಿ ಕಂಪ್ಯೂಟರಿಗೆ ಟ್ಯಾಗ್ ಇರುವ ಫ್ರೇಮ್ ಕೊಟ್ಟರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ.

ಬರೀ ಪಿಂಗ್ ನೋಡಿ ತೀರ್ಪು ಕೊಡಬೇಡಿ. ವಿಂಡೋಸ್ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದೆ ಸುಮ್ಮನಿರುವುದು ಮಾಮೂಲು. ಸಿಸ್ಕೊದಲ್ಲಿ ಶೋ ಮ್ಯಾಕ್ ಅಡ್ರೆಸ್-ಟೇಬಲ್ ವಿಲ್ಯಾನ್ 30 ಹೊಡೆಯಿರಿ. ಕೆಳಗಿನ ಕಂಪ್ಯೂಟರಿನ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಟ್ರಂಕ್ ಪೋರ್ಟ್ ಮೇಲೆ ಕಂಡರೆ ಕೆಳಗಿಂದ ಮೇಲಕ್ಕೆ ವಿಲ್ಯಾನ್ ಸರಿಯಿದೆ, ಮುಂದೆ ಫೈರ್‌ವಾಲ್ ನೋಡಿ. ಕಾಣದಿದ್ದರೆ ಪಿವಿಐಡಿ ಪುಟಕ್ಕೆ ಹೋಗಿ.

ಕೊನೆಯದಾಗಿ, ನಿಮ್ಮ ಸಿಸ್ಕೊ ಟ್ರಂಕ್ ಪೋರ್ಟಿನ ಕಾನ್ಫಿಗರೇಶನ್ನಲ್ಲಿ ಅಲೌಡ್ ಅನ್ನುವ ಸಾಲೇ ಇಲ್ಲದಿದ್ದರೆ 1ರಿಂದ 4094ರವರೆಗೆ ಎಲ್ಲವೂ ಬಿಟ್ಟಿದೆ ಅಂತ ಅರ್ಥ. ಆಗ ಏನನ್ನೂ ಸೇರಿಸುವ ಅಗತ್ಯವಿಲ್ಲ. ಯಾರದೋ ಮಾತು ಕೇಳಿ ಅಲ್ಲಿ 'ಅಲೌಡ್ ವಿಲ್ಯಾನ್ 30' ಹೊಡೆದರೆ ನಿಮ್ಮ ಕೆಳಗಿನ ಮಹಡಿಯ ಹಳೇ ನೆಟ್‌ವರ್ಕ್ ಅಲ್ಲೇ ಮಲಗುತ್ತದೆ. ಅದಕ್ಕೇ ಆಫೀಸ್ ಮುಗಿದ ಮೇಲೆ ಮಾಡಿ. ಮೊದಲು ಇರುವುದನ್ನು ಸೇವ್ ಮಾಡಿ, ಆಮೇಲೆ 'ರೀಲೋಡ್ ಇನ್ 10' ಹೊಡೆದು ಕೆಲಸ ಶುರು ಮಾಡಿ. ತಪ್ಪಾದರೆ 10 ನಿಮಿಷಕ್ಕೆ ಸ್ವಿಚ್ ರೀಸ್ಟಾರ್ಟ್ ಆಗಿ ಹಳೇ ಕಾನ್ಫಿಗರೇಶನ್ನಿಗೆ ಬರುತ್ತದೆ. ಸರಿಯಾದರೆ 'ರೀಲೋಡ್ ಕ್ಯಾನ್ಸಲ್'. ರೈಟ್ ಮೆಮೊರಿ ಹೊಡೆಯುವ ಮುಂಚೆ ಕೆಳಗಿನ ಮಹಡಿಗೆ ಇಳಿದು, ವಿಲ್ಯಾನ್ 1ರಲ್ಲಿರುವ ಹಳೇ ಪ್ರಿಂಟರಿಗೆ ಮೇಲಿನ ಕಂಪ್ಯೂಟರಿನಿಂದ ಒಂದು ಹಾಳೆ ಪ್ರಿಂಟ್ ಕೊಟ್ಟು, ಅದು ಕೈಗೆ ಬರುವವರೆಗೆ ಅಲ್ಲೇ ನಿಂತಿರಿ.