ಹಡಗಿನ ಒಡಲಿಗೆ ಗಾಜಿನ ಎಳೆಯ ಕಾವಲು

ಪ್ರಶ್ನೆ: 2013ರಲ್ಲಿ ‘ಎಂಒಎಲ್ ಕಂಫರ್ಟ್’ ಎಂಬ ಕಂಟೇನರ್ ಹಡಗು ನಡುಗಡಲಿನಲ್ಲಿ ಎರಡು ತುಂಡಾದುದನ್ನು ಓದಿದ್ದೇನೆ. ಈಗ ಹಡಗುಗಳಿಗೆ ಆಪ್ಟಿಕಲ್ ಫೈಬರ್ ಸೆನ್ಸರ್ ಅಳವಡಿಸುತ್ತಾರಂತೆ. ಇಂಟರ್ನೆಟ್ ತರುವ ತಂತು ಉಕ್ಕಿನ ಬಿರುಕನ್ನು ಹೇಗೆ ಪತ್ತೆ ಮಾಡುತ್ತದೆ? ಅದು ಇದ್ದಿದ್ದರೆ ಆ ಹಡಗು ಉಳಿಯುತ್ತಿತ್ತೇ?

ಉತ್ತರ: ಈ ತಂತು ಸಾಮಾನ್ಯವಾಗಿ ಬಿರುಕನ್ನು ನೇರವಾಗಿ ಕಾಣುವುದಿಲ್ಲ; ತಾನು ಅಂಟಿಕೊಂಡಿರುವ ಜಾಗದಲ್ಲಿ ಉಕ್ಕು ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂಬುದನ್ನು ಮಾತ್ರ ಅಳೆಯುತ್ತದೆ. ನಿಮ್ಮ ಎರಡನೆಯ ಪ್ರಶ್ನೆಯ ಉತ್ತರವೂ ಇದನ್ನೇ ಅವಲಂಬಿಸಿದೆ.

ದೊಡ್ಡ ಅಲೆಯ ಶಿಖರ ಹಡಗಿನ ನಡುಭಾಗಕ್ಕೆ ಬಂದಾಗ ಎರಡೂ ತುದಿಗಳು ಜೋತುಬಿದ್ದು ಡೆಕ್ ಹಿಗ್ಗುತ್ತದೆ, ತಳ ಕುಗ್ಗುತ್ತದೆ. ಶಿಖರಗಳು ತುದಿಗಳಿಗೆ ಸರಿದಾಗ ಇದು ತಿರುವುಮುರುವಾಗುತ್ತದೆ. ಈ ಬಾಗುವಿಕೆಯನ್ನು ಹಿಡಿಯಲು ಹೆಚ್ಚಾಗಿ ಬಳಕೆಯಲ್ಲಿರುವುದು ಫೈಬರ್ ಬ್ರ್ಯಾಗ್ ಗ್ರೇಟಿಂಗ್. ತಂತುವಿನ ಗಾಜಿನೊಳಗೆ, ಕೆಲವೇ ಮಿಲಿಮೀಟರ್ ಉದ್ದದಲ್ಲಿ, ಸುಮಾರು ಅರ್ಧ ಮೈಕ್ರೋಮೀಟರ್ ಅಂತರದ ಗೆರೆಗಳನ್ನು ಅತಿನೇರಳೆ ಬೆಳಕಿನಿಂದ ಮೂಡಿಸಿರುತ್ತಾರೆ. ಅವು ಒಂದೇ ಒಂದು ತರಂಗದೂರದ ಬೆಳಕನ್ನು ಹಿಂದಕ್ಕೆ ಕಳುಹಿಸಿ ಉಳಿದದ್ದನ್ನು ಮುಂದಕ್ಕೆ ಬಿಡುತ್ತವೆ. ಉಕ್ಕಿನೊಡನೆ ತಂತು ಹಿಗ್ಗಿದರೆ ಗೆರೆಗಳ ಅಂತರ ಹೆಚ್ಚಿ, ಮರಳುವ ಬೆಳಕಿನ ತರಂಗದೂರವೂ ಸರಿಯುತ್ತದೆ: 1,550 ನ್ಯಾನೋಮೀಟರ್ ಬೆಳಕಿನಲ್ಲಿ, ಹತ್ತು ಲಕ್ಷಕ್ಕೆ ಒಂದು ಪಾಲು ಹಿಗ್ಗಿದರೆ ಸುಮಾರು 1.2 ಪಿಕೋಮೀಟರ್ (ಪಿಕೋಮೀಟರ್ ಎಂದರೆ ನ್ಯಾನೋಮೀಟರಿನ ಸಾವಿರದ ಒಂದು ಭಾಗ). ಸಾಮಾನ್ಯ ಹಡಗು ಉಕ್ಕು ಹತ್ತು ಲಕ್ಷಕ್ಕೆ ಸುಮಾರು 1,100 ಪಾಲು ಹಿಗ್ಗಿದ ಮೇಲೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲವಾದ್ದರಿಂದ, ಅಪಾಯದ ಅಂಚು ಸಹ ಸುಮಾರು 1.3 ನ್ಯಾನೋಮೀಟರಿನಷ್ಟು ಸರಿಯುವಿಕೆಯೊಳಗೇ ಇದೆ.

ಹಿಗ್ಗು-ಕುಗ್ಗನ್ನು ವಿದ್ಯುತ್ತಿನಿಂದ ಅಳೆಯುವ ಸಾಧನವಾದ ಸ್ಟ್ರೈನ್ ಗೇಜ್ ಕೂಡ ಇದನ್ನು ಅಳೆಯಬಲ್ಲದು. ಆದರೆ ಪ್ರತಿ ಗೇಜಿಗೂ ಪ್ರತ್ಯೇಕ ತಂತಿ ಬೇಕು, ಉಪ್ಪುನೀರಿನ ತೇವಕ್ಕೆ ಅದು ಕೆಡುತ್ತದೆ, ರೇಡಾರಿನ ಅಲೆಗಳು ಅದರ ಸಂಕೇತವನ್ನು ಕಲಕುತ್ತವೆ. ಒಂದೇ ಗಾಜಿನ ಎಳೆಯಲ್ಲಾದರೋ, ಬೇರೆ ಬೇರೆ ತರಂಗದೂರದ ಹತ್ತಾರು ಗ್ರೇಟಿಂಗ್‌ಗಳು ಇರಬಹುದು. ಅಳೆಯುವ ಜಾಗದಲ್ಲಿ ವಿದ್ಯುತ್ತೇ ಇಲ್ಲದ ಕಾರಣ ತೈಲದ ಟ್ಯಾಂಕರಿನಲ್ಲಿ ಕಿಡಿಯ ಭಯವೂ ಇಲ್ಲ. ನಾರ್ವೆಯ ನೌಕಾಪಡೆ 1990ರ ದಶಕದ ಕೊನೆಯಲ್ಲೇ ‘ಶೋಲ್ಡ್’ ಎಂಬ ತನ್ನ ವೇಗದ ನೌಕೆಯಲ್ಲಿ ಇದನ್ನು ಪರೀಕ್ಷಿಸಿತ್ತು. ಅದರ ಒಡಲು ಉಕ್ಕಿನದಲ್ಲ, ನಾರು ಬೆರೆಸಿದ ಪ್ಲಾಸ್ಟಿಕಿನದು.

ಮಾರಾಟಗಾರರು ತಗ್ಗಿದ ದನಿಯಲ್ಲಿ ಹೇಳುವ ತೊಡಕೊಂದಿದೆ: ತಾಪ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ತಂತುವಿನ ಬೆಳಕು ತಾನಾಗಿಯೇ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಬಿಸಿಲಿಗೆ ಡೆಕ್ 20 ಡಿಗ್ರಿ ಕಾದರೆ, ಹತ್ತು ಲಕ್ಷಕ್ಕೆ ಸುಮಾರು 167 ಪಾಲಿನಷ್ಟು ಹುಸಿ ಹಿಗ್ಗುವಿಕೆ ತೋರುತ್ತದೆ. ಉಕ್ಕು ಕಾದು ಹಿಗ್ಗುವುದು ಅದರ ಮೇಲಿನ ಲೆಕ್ಕ. ಪಕ್ಕದಲ್ಲಿ ಸೆಳೆತಕ್ಕೆ ಸಿಗದಂತೆ ಸಡಿಲವಾಗಿಟ್ಟ ಇನ್ನೊಂದು ಗ್ರೇಟಿಂಗಿನಿಂದ ತಾಪವನ್ನು ಅಳೆದು ಕಳೆಯದಿದ್ದರೆ ಆ ಅಂಕಿಗಳನ್ನು ನಾನು ನಂಬುವುದಿಲ್ಲ.

ಇನ್ನು ‘ಎಂಒಎಲ್ ಕಂಫರ್ಟ್’. 2008ರಲ್ಲಿ ಕಟ್ಟಿದ, 316 ಮೀಟರ್ ಉದ್ದದ ಈ ಹಡಗು ಸಿಂಗಪುರದಿಂದ ಜೆಡ್ಡಾಕ್ಕೆ ಹೊರಟಿದ್ದಾಗ 2013ರ ಜೂನ್ 17ರಂದು ಹಿಂದೂ ಮಹಾಸಾಗರದಲ್ಲಿ ಮುರಿಯಿತು; 26 ಸಿಬ್ಬಂದಿಯೂ ಬದುಕಿದರು. ಬಳಿಕ ಅದೇ ವಿನ್ಯಾಸದ ಸೋದರ ಹಡಗುಗಳನ್ನು ಪರಿಶೀಲಿಸಿದಾಗ ತಳದ ಉಕ್ಕಿನ ಹಾಳೆಗಳು ಅಲ್ಲಲ್ಲಿ ಒತ್ತಡಕ್ಕೆ ಉಬ್ಬಿ ಬಾಗಿದ್ದುದು ಕಂಡಿತು. ವಾಡಿಕೆಯಂತೆ ಡೆಕ್ಕಿನ ನಡುವಿನಲ್ಲಿ ಮಾತ್ರ ಸೆನ್ಸರ್ ಇದ್ದಿದ್ದರೆ, ಇಡೀ ಒಡಲು ಎಷ್ಟು ಬಾಗುತ್ತಿದೆ ಎಂಬುದು ತಿಳಿಯುತ್ತಿತ್ತು. ಕ್ಯಾಪ್ಟನ್ ವೇಗ ತಗ್ಗಿಸಲು ಅಥವಾ ದಿಕ್ಕು ಬದಲಿಸಲು ಅದು ನೆರವಾಗುತ್ತಿತ್ತು. ಆದರೆ ತಳದ ಆ ಸ್ಥಳೀಯ ಬಾಗು ಡೆಕ್ಕಿನ ಅಂಕಿಯಲ್ಲಿ ಬಹುಶಃ ಅಡಗಿಹೋಗುತ್ತಿತ್ತು. ಅದನ್ನು ಹಿಡಿಯಲು ಜೋಡಿ ತಳದ (ಹಡಗಿನ ಹೊರತಳ ಮತ್ತು ಅದರ ಮೇಲಿನ ಒಳತಳದ ನಡುವಿನ ಜಾಗದ) ಒಳಗೇ, ಹಾಳೆಗಳ ಮೇಲೆಯೇ ತಂತು ಹಾಯಬೇಕಿತ್ತು. ಹಡಗು ಉಳಿಯುತ್ತಿತ್ತು ಎಂದು ಹೇಳಲಾರೆ. ಸೋದರ ಹಡಗುಗಳ ತಳವನ್ನು ಅಪಘಾತಕ್ಕೆ ಮೊದಲೇ ಪರಿಶೀಲಿಸಲು ಕಾರಣ ಸಿಗುವ ಸಾಧ್ಯತೆಯಂತೂ ಇತ್ತು.